ಅರವತ್ತು ವರ್ಷದ ಗದ್ದೆಪ್ಪ

"ಪುಸ್ತಕದಾಗ ನನಗ ಎಷ್ಟು ವರ್ಸ ಅಂತ ಬರದಾರ?" ಗದ್ದೆಪ್ಪ ಕಂಬಳಿ ಕೊಡವುತ್ತ ಕೇಳಿದ.

"ಅರವತ್ತು, ಯಪ್ಪಾ. ಮೂರೂ ಪುಸ್ತಕದಾಗ ಅಷ್ಟೇ ಅದ," ಎಂದಳು ಚಂದ್ರಕಲಾ.

"ಹಂಗಾರ ನನಗ ಮುಪ್ಪೇ ಬರಂಗಿಲ್ಲ ಬಿಡು."

ಅವಳಿಗೆ ನಗು ಬರಲಿಲ್ಲ. ಅನುಮಾನ ಹುಟ್ಟಿದ್ದೇ ಆ ಅರವತ್ತರಿಂದ. ರಾಯಚೂರಿನಲ್ಲಿ ಅವಳಿಗೆ ಹಗಲು ಝೆರಾಕ್ಸ್ ಅಂಗಡಿಯ ಕೆಲಸ, ಸಂಜೆ ಎಂ.ಎ. ಕ್ಲಾಸು. ಕುರಿಗಾರರ ನಾಟಿ ಔಷಧದ ಮೇಲೆ ಕಿರುಪ್ರಬಂಧ ಬರೆಯುತ್ತಿದ್ದಳು. ಕುರಿಯ ಕಾಲುಬೇನೆಗೆ ತಂಗಡಿ ಎಲೆ ಅರೆದು ಕಟ್ಟುತ್ತಾರೆಂದು ಮೂರು ಪುಸ್ತಕಗಳು ಹೇಳಿದಾಗ, ಮೂರು ಆಧಾರ ಸಿಕ್ಕವು ಎಂದು ಮೊದಲು ನೆಮ್ಮದಿಯಾಗಿತ್ತು. ಆಮೇಲೆ ನೋಡಿದರೆ, ಇಪ್ಪತ್ತು ವರ್ಷಗಳಲ್ಲಿ ಒಂದೊಂದಾಗಿ ಅಚ್ಚಾದ ಮೂರರಲ್ಲೂ ಹೇಳಿದವನು "ಮಸರಕಲ್ಲಿನ ಅರವತ್ತು ವರ್ಷದ ಗದ್ದೆಪ್ಪ". ಕೊನೆಯದು ಅವಳ ಮಾರ್ಗದರ್ಶಕ ಪ್ರಭುರಾಜ ಸರ್ ಅವರದು. ಸೋಮವಾರ ಅವರ ಸಹಿ ಬೀಳದಿದ್ದರೆ ಈ ವರ್ಷ ಹೋದಂತೆಯೇ. ಅಂಥವರನ್ನು ಅನುಮಾನಿಸಲು ತಾನು ಯಾವ ದೊಡ್ಡವಳು ಎಂದು, ಮಸರಕಲ್ಲಿಗೆ ಬರುವಾಗ ದೇವದುರ್ಗದ ಬಸ್ಸಿನಲ್ಲಿ ಎರಡು ಸಲ ಇಳಿದುಬಿಡಲು ಎದ್ದಿದ್ದಳು.

"ಕೇಳಾಕ ಎಷ್ಟು ಮಂದಿ ಬಂದಿದ್ರು?" ಎಂದು ಈಗ ಕೇಳಿದಳು.

"ಒಬ್ಬಾವ. ಮಾನವಿ ಕಡಿಯಾವ. ಇಪ್ಪತ್ತು ವರ್ಸ ಆತು."

ಅಂದರೆ ಮೊದಲ ಪುಸ್ತಕದವರು ಮಾತ್ರ; ಉಳಿದಿಬ್ಬರು ಇಲ್ಲಿಗೆ ಬಂದೇ ಇರಲಿಲ್ಲ.

"ತಂಗಡಿ ಎಲಿ ಅಂತ ಹೇಳಿದ್ದು ಖರೇನ?"

ಒಳಗಿಂದ ಅವನ ಹೆಂಡತಿ ಕರೆಮ್ಮ ಅಂದಳು, "ಹೇಳು ಈಗ. ನಿನ್ನ ಸುಳ್ಳಿಗೆ ಮೂರು ಪುಸ್ತಕ ಮಾಡ್ಯಾರಂತ."

"ನೀ ಸುಮ್ಕಿರ," ಎಂದು ಗದ್ದೆಪ್ಪ ಚಂದ್ರಕಲಾಳ ಕಡೆ ತಿರುಗಿದ. "ಮದ್ದಿನ ಹೆಸರು ಬಾಯಿಬಿಟ್ರ ಗುಣ ಹೋಗ್ತದ, ಯವ್ವಾ. ನಮ್ಮಪ್ಪ ನನಗೂ ಹೇಳಲಿಲ್ಲ, ಅಡವಿಗೆ ಕರಕೊಂಡು ಹೋಗಿ ತೋರ್ಸಿದ. ಆ ಮನಷ್ಯಾ ಬಿಸಲಾಗ ನಡಕೋತ ಬಂದಿದ್ದ. ಬರಿಗೈಲೆ ಹೆಂಗ ಕಳಸೋದು? ಬೇಲ್ಯಾಗ ಕಂಡದ್ದು ಹೇಳಿದೆ."

ಅವಳು ಬರೆದುಕೊಂಡಳು. ಪೆನ್ನು ನಿಂತಿತು.

"ಈಗ ನನಗ ಹೇಳಿದ್ದಾದ್ರೂ ಖರೇನ, ಯಪ್ಪಾ?"

ಮುದುಕ ಅವಳ ಧೂಳು ತುಂಬಿದ ಚಪ್ಪಲಿ ನೋಡಿದ. "ನೀನೂ ಬಿಸಲಾಗ ಬಂದೀಯಲ್ಲ," ಎಂದ.

ಸೋಮವಾರ ಪ್ರಭುರಾಜ ಸರ್ ಪೆನ್ನು ಹಿಡಿದೇ ಹಾಳೆ ತಿರುವುತ್ತಿದ್ದರು. ಕಾಲುಬೇನೆಯ ಪುಟದಲ್ಲಿ ಕೈ ನಿಂತಿತು. ಅಡಿಟಿಪ್ಪಣಿಯಲ್ಲಿ ಅವಳು ಬರೆದಿದ್ದಳು: "ಮೂರೂ ಗ್ರಂಥಗಳ ಮೂಲ ಒಬ್ಬರೇ. ಅವರು ಎಲೆಯ ನಿಜವಾದ ಹೆಸರು ಹೇಳಿಲ್ಲ, ನನಗೂ ಹೇಳಲಿಲ್ಲ."

"ಯಾರು ಹೋಗಿದ್ರು ಅಲ್ಲಿ?" ಎಂದು ಸರ್ ಕೇಳಿದರು.

"ನಾನೇ, ಸರ್." ಅವಳು ಟಿಪ್ಪಣಿಯ ಕೊನೆಯ ಸಾಲಿಗೆ ಬೆರಳಿಟ್ಟಳು. "ಅವರು ನನಗ ಅಂದದ್ದೂ ಪೂರಾ ಖರೇ ಅಂತ ಹೇಳಾಕ ಬರಂಗಿಲ್ಲ. ಅದನ್ನೂ ಕೆಳಗ ಬರದೀನಿ."

ಸರ್ ಎದ್ದು ಕಪಾಟಿನಿಂದ ತಮ್ಮ ಪುಸ್ತಕ ತೆಗೆದು, ಅದೇ ಸಂಗತಿಯ ಪುಟ ಬಿಡಿಸಿ ಅವಳ ಹಾಳೆಯ ಪಕ್ಕದಲ್ಲಿಟ್ಟರು. ಬಹಳ ಹೊತ್ತು ಓದಿದರು. ಫ್ಯಾನಿನ ಗಾಳಿಗೆ ಎರಡೂ ಏಳತೊಡಗಿದವು. ಅವರು ತಮ್ಮ ಪುಸ್ತಕ ಬಿಟ್ಟು, ಅವಳ ಹಾಳೆ ಹಾರದಂತೆ ಅದರ ಮೇಲೆ ಅಂಗೈಯೂರಿದರು. ಪಕ್ಕದಲ್ಲಿ ಪುಸ್ತಕದ ಪುಟಗಳು ಒಂದೊಂದಾಗಿ ಮಗುಚಿಕೊಳ್ಳುತ್ತ ಹೋದವು.