ಬೆಕ್ಕಿನ ಸಹಿ

ರೊಸಾರಿಯೋ ಊರಿನ ಒಂದು ಬಡಾವಣೆಯ ಪುಸ್ತಕಾಲಯದಲ್ಲಿ ಒಫೇಲಿಯಾ ಸನೆಟ್ಟಿಯ ಕಣ್ಣು ತಪ್ಪಿಸಿ ಒಂದು ಸೊಳ್ಳೆಯೂ ಒಳಗೆ ಬರುವಂತಿರಲಿಲ್ಲ. ಊರಿನ ಪುಸ್ತಕಾಲಯಗಳ ಹಳೇ ಕಂಪ್ಯೂಟರುಗಳಿಗೆಂದು ಅಲ್ಲೊಂದು ಗುಂಪು ಪುಕ್ಕಟೆಯಾಗಿ ಸಾಫ್ಟ್‌ವೇರ್ ಬರೆದು ಹಂಚುತ್ತಿತ್ತು. ಸದಸ್ಯರಿಂದ ಬಂದ ಸಾಫ್ಟ್‌ವೇರ್ ಪ್ಯಾಕೇಜಿನ ಡಿಜಿಟಲ್ ಸಹಿ ಅಸಲಿಯೋ ನಕಲಿಯೋ ಎಂದು ಪರೀಕ್ಷಿಸಲು ಒಫೇಲಿಯಾ ಒಂದು ಪ್ರೋಗ್ರಾಂ ಬರೆದಿದ್ದಳು. ಹೆಸರು ಪೋರ್ತೆರೊ, ಅಂದರೆ ಬಾಗಿಲು ಕಾಯುವವನು. ಶನಿವಾರ ಗುಂಪು ಹೊರತರಲಿದ್ದ ಸಾಫ್ಟ್‌ವೇರಿನ ಹೊಸ ಆವೃತ್ತಿಯಲ್ಲಿ ಅವನು ಸೇರಿಬಿಟ್ಟರೆ ಸಾಕು, ಅವಳಿಗೆ ಈ ವರ್ಷ ಬೇರೇನೂ ಬೇಕಿರಲಿಲ್ಲ.

ಅವರಲ್ಲಿ ಒಂದು ಪದ್ಧತಿ. ಸದಸ್ಯರು ಎದುರುಬದುರು ಕೂತು, ಗುರುತಿನ ಚೀಟಿ ತೋರಿಸಿ, ಒಬ್ಬರ ಸಹಿಯನ್ನು ತಾಳೆ ನೋಡುವ ಡಿಜಿಟಲ್ ಕೀಲಿಗೆ ಇನ್ನೊಬ್ಬರು 'ಇದು ಇವರದೇ' ಎಂದು ಜಾಮೀನು ನಿಲ್ಲಬೇಕು. ಚೀಟಿ ನೋಡುವ ಮೇಜಿನ ಹಿಂದೆ ಒಫೇಲಿಯಾ ಠಾಣೆಯ ಇನ್‌ಸ್ಪೆಕ್ಟರಿನಂತೆ ಕೂರುತ್ತಿದ್ದಳು. ಈ ಸಲ ಸಾಲಿನಲ್ಲಿ ಅವಳ ಗಂಡ, ಗುಂಪಿನ ಸದಸ್ಯನೇ ಆದ ಬಾಲ್ತಸಾರನೂ ಇದ್ದ. ಪಾಪ, ಇಸ್ಪೀಟಿನ ಒಂದು ಆಟ ಬರೆದು ತಂದಿದ್ದ.

"ಕಾರ್ಡ್?"

"ಮನೇಲಿ ಬಿಟ್ ಬಂದೆ ಕಣೇ. ಇನ್ನೊಂದು ಪ್ಯಾಂಟಲ್ಲಿದೆ."

"ಹಾಗಾದ್ರೆ ಆಗಲ್ಲ. ಮುಂದಿನವರು ಬನ್ನಿ."

"ಲೇ, ಬೆಳಗ್ಗೆ ನನ್ ಕಾಲುಚೀಲ ಹುಡುಕಿ ಕೊಟ್ಟೋಳು ನೀನೇ ಅಲ್ವೇನೇ? ನಾನ್ಯಾರು ಅಂತ ಗೊತ್ತಿಲ್ವಾ?"

"ನನ್ ಗಂಡ ಅಂತ ಗೊತ್ತು. ಬಾಲ್ತಸಾರ್ ಅನ್ನೋದಕ್ಕೆ ಪುರಾವೆ ಬೇಕು."

ಇಡೀ ಸಭೆ ಗೊಳ್ಳೆಂದು ನಕ್ಕಿತು. ಅಂದಿನಿಂದ ಮನೆಯಲ್ಲಿ ಮಾಟೆ ಎಂಬ ಎಲೆಕಷಾಯದ ಬಟ್ಟಲು ಕೈಯಿಂದ ಕೈಗೆ ಸುತ್ತುವಾಗ ಒಫೇಲಿಯಾಳ ಸರದಿ ತಪ್ಪತೊಡಗಿತು. ಬಾಲ್ತಸಾರ ತನಗೆ ಬಿಸಿನೀರು ಹೊಯ್ದುಕೊಂಡು ಹೀರುತ್ತಿದ್ದ, ಪಕ್ಕದ ಮನೆಯವನಿಗೆ ಕೊಡುತ್ತಿದ್ದ, ಮತ್ತೆ ತಾನೇ ಹೀರುತ್ತಿದ್ದ. ಬೈದರೆ ಬೈಸಿಕೊಳ್ಳಬಹುದು, ಮಾಟೆ ಕೊಡದಿದ್ದರೆ ಹೇಗೆ? ಒಫೇಲಿಯಾ ಪೊಟ್ಟಣದ ಟೀ ಕುಡಿದು ಏನೂ ಆಗದವಳಂತೆ ಓಡಾಡಿದಳು. ಒಳಗೊಳಗೇ ಅವಳಿಗೆ ಅಳು ಬರುತ್ತಿತ್ತು.

ಮುನಿಸಿಕೊಂಡವನಿಗೆ ಪುರುಸೊತ್ತು ಜಾಸ್ತಿ. ಬಾಲ್ತಸಾರ ಪೋರ್ತೆರೊನ ಹೊಟ್ಟೆ ಬಗೆದು ಸಾಲುಸಾಲಾಗಿ ಓದಿದ. ಓದಿ ನಕ್ಕ ರಭಸಕ್ಕೆ ಫ್ರಿಜ್ಜಿನ ಮೇಲಿದ್ದ ಬೆಕ್ಕು ಮಿಲಾನೆಸಾ ಕೆಳಗೆ ಹಾರಿತು.

ಶನಿವಾರ ಮಧ್ಯಾಹ್ನ ಪುಸ್ತಕಾಲಯದ ಅಂಗಳದಲ್ಲಿ ಮಾಂಸ ಬೇಯುತ್ತಿತ್ತು. ಒಳಗೆ ದೊಡ್ಡ ಪರದೆಯ ಮುಂದೆ ಒಫೇಲಿಯಾ ಸವಾಲು ಹಾಕಿದಳು: "ಯಾರ್ ಬೇಕಾದ್ರೂ ಕಳ್ಳ ಪ್ಯಾಕೇಜ್ ತನ್ನಿ. ನನ್ ಪೋರ್ತೆರೊ ಬಿಟ್ರೆ ಕೇಳಿ!"

ಬಾಲ್ತಸಾರ ಒಂದು ಪೆನ್‌ಡ್ರೈವ್ ಚಾಚಿದ. ಪರದೆಯ ಮೇಲೆ ಮೂಡಿತು: 'ಮಿಲಾನೆಸಾ. ಸಹಿ ಸರಿಯಿದೆ. ಒಳಗೆ ಬನ್ನಿ.' ಆಮೇಲೆ ಯಾವ ಗುಂಡಿ ಒತ್ತಿದರೂ ಕಂಪ್ಯೂಟರು ಮಿಯಾಂವ್ ಅನ್ನತೊಡಗಿತು.

"ಯಾರಪ್ಪ ಈ ಮಿಲಾನೆಸಾ?" ಎಂದರು ಗುಂಪಿನ ಅಧ್ಯಕ್ಷರಾದ ಮುದುಕ ಸೆರಾಫಿನ್.

"ನಮ್ಮನೆ ಬೆಕ್ಕು. ಅವಳ ಹತ್ರನೂ ಕಾರ್ಡ್ ಇಲ್ಲ," ಎಂದ ಬಾಲ್ತಸಾರ.

"ಅದ್ ಹೇಗೆ ಬಿಟ್ಟ ಇವನು?"

"ಸಹಿ ತಾಳೆ ನೋಡೋಕೆ ಬೇಕಾದ ಕೀಲೀನ ಆ ಪ್ಯಾಕೇಜಿನೊಳಗಿಂದ್ಲೇ ತಗೋತಾನೆ. 'ನೀನ್ಯಾರು?' 'ನಾನು ನಾನೇ.' 'ಯಾರ್ ಹೇಳಿದ್ದು?' 'ನಾನೇ.' 'ಹಾಗಾದ್ರೆ ಸರಿ, ಬಾ.' ಇಷ್ಟೇ ಇವನ ಕಾವಲು!"

ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪರರ ತಟ್ಟೆಯ ನೊಣ ಹುಡುಕುವುದು ಅಂದರೆ ಇದೇ. ಒಫೇಲಿಯಾಳ ಮುಖ ಇಂಗು ತಿಂದ ಮಂಗನಂತಾಯಿತು. ಆದರೆ ಅವಳು ಸೋತು ಕೂರುವವಳಲ್ಲ. ಅಲ್ಲೇ ಕೂತು ಸರಿಪಡಿಸಿದಳು: ಇನ್ನು ಸದಸ್ಯರು ಜಾಮೀನು ನಿಂತ ಕೀಲಿಗಳಿಗೆ ಮಾತ್ರ ಪ್ರವೇಶ. ಪೋರ್ತೆರೊ ಬೆಕ್ಕನ್ನು ಹೊರಗಟ್ಟಿದ. ಚಪ್ಪಾಳೆ ಬಿತ್ತು. ಕೊನೆಗೆ ಹೊಸ ಆವೃತ್ತಿಗೆ ಸೇರಿಸಲು ಪೋರ್ತೆರೊನ ಪ್ಯಾಕೇಜನ್ನೇ, ತನ್ನದೇ ಸಹಿಯೊಂದಿಗೆ, ಪರೀಕ್ಷೆಗೆ ಒಡ್ಡಿದಳು.

'ಒಫೇಲಿಯಾ ಸನೆಟ್ಟಿ. ಜಾಮೀನು ನಿಂತವರು ಯಾರೂ ಇಲ್ಲ. ಹೊರಗೆ ಹೋಗಿ.'

ನಿಜವೇ. ಇಷ್ಟು ವರ್ಷ ಮೇಜಿನ ಹಿಂದೆ ಕೂತವಳನ್ನು ಕಾರ್ಡ್ ಕೇಳುವ ಎದೆ ಯಾರಿಗಿತ್ತು? ಈಗ ಒಬ್ಬರಾದರೂ ಜಾಮೀನು ನಿಲ್ಲದಿದ್ದರೆ ಪೋರ್ತೆರೊ ಹೊರಗೇ ಉಳಿಯುತ್ತಾನೆ.

"ನಿನ್ನನ್ನ ನಾವ್ ಕಾಣೆವಾ? ನಾನ್ ನಿಲ್ತೀನಿ ಬಿಡು," ಎಂದರು ಸೆರಾಫಿನ್.

"ಕಾರ್ಡ್ ನೋಡದೆ ನಿಲ್ಲೋ ಹಾಗಿಲ್ಲ," ಎಂದಿತು ಒಫೇಲಿಯಾಳ ಹಾಳು ಬಾಯಿ.

"ನಿನ್ನ ಕಾರ್ಡ್ ಕೇಳೋದಾ? ನಂಗೆ ಬಿಪಿ ಇದೆಯಮ್ಮ!"

ಉಳಿದವರಿಗೆಲ್ಲ ಒಮ್ಮೆಲೇ ಮಾಂಸ ಸೀಯುತ್ತಿರುವುದು ನೆನಪಾಗಿ, ಸೆರಾಫಿನ್ನರನ್ನೂ ಎಳೆದುಕೊಂಡು ಅಂಗಳಕ್ಕೆ ಓಡಿದರು. ಬಾಲ್ತಸಾರ ಮಾತ್ರ ಉಳಿದ. ಮೇಜಿನ ಹಿಂದೆ ಹೋಗಿ ಅವಳ ಕುರ್ಚಿಯಲ್ಲಿ ಕೂತು ಕೆಮ್ಮಿದ.

"ಕಾರ್ಡ್ ತೆಗೀರಿ ಮೇಡಂ."

ಅವಳು ಕೊಟ್ಟಳು. ಅವನು ಬೆಳಕಿಗೆ ಹಿಡಿದ, ತಿರುಗಿಸಿದ, ಅವಳ ಮುಖ ನೋಡಿದ.

"ಇದು ನೀವಲ್ಲ."

"ಏನಂದೆ?"

"ಈ ಫೋಟೋದಲ್ಲಿರೋಳು ಒಂಚೂರು ನಗ್ತಿದಾಳೆ. ನಾನ್ ಕಟ್ಕೊಂಡಿದ್ದು ಇವಳನ್ನ. ನೀವ್ಯಾರೋ ಗೊತ್ತಿಲ್ಲ."

ಬೈಯಲೆಂದು ಬಾಯಿ ತೆರೆದವಳಿಗೆ ನಗು ಬಂದುಬಿಟ್ಟಿತು. ಮೂಗಿನಿಂದ ಗೊರಕೆಯಂತೆ ಸಿಡಿಯುವ, ಅವಳು ಜನರೆದುರು ತಡೆದುಕೊಳ್ಳುತ್ತಿದ್ದ ನಗು. ಅಂಗಳದವರು ಕಿಟಕಿಯಿಂದ ಇಣುಕಿದರು. ನಗುತ್ತ ನಗುತ್ತಲೇ ಅವಳ ಕಣ್ಣು ತುಂಬಿತು.

"ಅವತ್ತು ಎಲ್ಲರೆದುರು ನಿನ್ನನ್ನ ಹಾಗೆ ಅನ್ನಬಾರದಿತ್ತು ಕಣೋ."

ಬಾಲ್ತಸಾರ ಫೋಟೋ ನೋಡಿದ. ಅವಳನ್ನು ನೋಡಿದ. ಮತ್ತೊಮ್ಮೆ ನೋಡಿದ.

"ಹ್ಞಾಂ, ಈಗ ಹೋಲುತ್ತೆ," ಎಂದು ಅವಳ ಕೀಲಿಗೆ ಸಹಿ ಹಾಕಿದ.