ರಾಷ್ಟ್ರಹಿತದ ಕಾಲಂನಲ್ಲಿ ಏನು ಬರೆಯಲಿ

ಎಲ್ಲಿಂದ ಶುರುಮಾಡಲಿ? ‘ಪೋಲೆಂಡಿನ ರೈತಪಕ್ಷದ ಚಿಂತನೆಯಲ್ಲಿ ರಾಷ್ಟ್ರಹಿತ ಎಂಬ ಪರಿಕಲ್ಪನೆಯು...’ (ನೀವು ಆಕಳಿಸಿದ್ದು ನೋಡಿದೆ.) ಹೊಡೆದುಹಾಕಿದೆ.

೧. ಸರಿ, ತಡೆಗೋಲಿನಿಂದ. ತಾರ್ನೂಫ್ ಪೇಟೆಗೆ ಹೋಗುವ ರಸ್ತೆ, ಆಗಸ್ಟ್ ತಿಂಗಳ ಬೆಳಿಗ್ಗೆ, ರೈತರ ಮುಷ್ಕರದ ನಾಲ್ಕನೇ ದಿನ. ಸರ್ಕಾರ ರೈತನ ಮಾತು ಕೇಳುವ ತನಕ ಪೇಟೆಗೆ ಹಾಲಿಲ್ಲ, ಬೆಣ್ಣೆಯಿಲ್ಲ, ಆಲೂಗಡ್ಡೆಯಿಲ್ಲ. ಕಾವಲಿಗೆ ನಿಂತವನು ಆಲೋಯಿಜಿ, ಪಕ್ಷದ ಊರ ಘಟಕದ ಕಾರ್ಯದರ್ಶಿ. ‘ನೇಗಿಲ ಹಿತವೇ ರಾಷ್ಟ್ರಹಿತ’ ಅಂತ ಕರಪತ್ರ ಬರೆದವನೂ ಅವನೇ. ಆಸ್ಪತ್ರೆಗೆ ಹೋಗುವ ಗಾಡಿಗೆ ಮಾತ್ರ ಚೀಟಿ ಕೊಟ್ಟು ಬಿಡಬೇಕು. ಚೀಟಿಯಲ್ಲಿ ‘ಯಾವ ರಾಷ್ಟ್ರಹಿತಕ್ಕಾಗಿ?’ ಅನ್ನೋ ಕಾಲಂ. ಅದೂ ಅವನದೇ ತಲೆ!

೩. (ಎರಡನ್ನು ಹರಿದೆ. ಅದರಲ್ಲಿ ಬರೀ ಸೂರ್ಯೋದಯವಿತ್ತು.) ಮೊದಲ ಗಾಡಿಯಲ್ಲಿ ಹಾಲಿನ ಕ್ಯಾನು ಅಪ್ಪಿಕೊಂಡು ಬಂದವಳು ಬ್ರೋನ್ಕಾ, ಅವನ ಹೆಂಡತಿ. ಪೇಟೆಯಲ್ಲಿ ಮಗಳು ಹೆತ್ತು ಹದಿನೆಂಟು ದಿನ. ಎದೆಹಾಲು ಬತ್ತಿದೆ.

“ಬರೀರಿ ಚೀಟಿ, ಕಾರ್ಯದರ್ಶಿಗಳೇ.”

“ಆಗಲ್ಲ ಕಣೇ. ನಿನ್ನ ಬಿಟ್ರೆ ಹಿಂದಿರೋರನ್ನೆಲ್ಲ ಬಿಡಬೇಕು. ಮುಷ್ಕರ ಮಣ್ಣುಪಾಲು. ರಾಷ್ಟ್ರಹಿತ ಅಂದ್ರೆ...”

“ನಿನ್ನ ಮೊಮ್ಮಗು ಯಾವ ರಾಷ್ಟ್ರದ್ದಯ್ಯಾ, ಜರ್ಮನಿದಾ?”

ಹಿಂದಿನ ಗಾಡಿಗಳ ಹೆಂಗಸರು ಕಿಸಕ್ಕನೆ ನಕ್ಕರು. ಆಲೋಯಿಜಿಯ ಕಿವಿ ಕೆಂಪಾಯಿತು. ಪಾಪ, ಮಗುವಿನ ಮುಖವನ್ನೇ ಅವನಿನ್ನೂ ನೋಡಿಲ್ಲ.

೪. ಅಂತ್ಯ ಒಂದು: ಹಾಲನ್ನು ಚರಂಡಿಗೆ ಚೆಲ್ಲುತ್ತಾನೆ. ತತ್ವ ಉಳಿಯಿತು. (ವಿಮರ್ಶಕರು ತಲೆದೂಗುತ್ತಾರೆ.)

“ಚೆಲ್ಲಿಸಿ ನೋಡು!” ಬ್ರೋನ್ಕಾ ಕಥೆ ಬರೆಯುತ್ತಿದ್ದ ನನ್ನ ಕಡೆಗೇ ತಿರುಗಿದಳು. “ಹಸು ಕರೆದೋಳು ನಾನು, ನೀನಲ್ಲ.”

ಅಂತ್ಯ ಎರಡು: ‘ಆಸ್ಪತ್ರೆಗೆ’ ಅಂತ ಬರೆದು ಸಹಿ ಹಾಕುತ್ತಾನೆ.

“ಸುಳ್ಳು ಬರೆಯಲ್ಲ,” ಅಂದ ಆಲೋಯಿಜಿ, ಅವನೂ ನನಗೇ. “ಸರ್ಕಾರದೋರು ಬರೀತಾರಲ್ಲ, ಸಾಕು.”

ಭೇಷ್! ಹಾಗಾದರೆ ನೀನೇ ಹೇಳಪ್ಪ, ಏನು ಮಾಡ್ತೀಯ?

೫. ಚೀಟಿ ಪುಸ್ತಕವನ್ನೂ ಪೆನ್ಸಿಲ್ಲನ್ನೂ ನನ್ನ ಮೇಜಿನ ಮೇಲೆ ಕುಕ್ಕಿದ. ತಡೆಗೋಲು ಎತ್ತಿದ. ಗಾಡಿ ಹತ್ತಿ, ತುಳುಕದ ಹಾಗೆ ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡ.

“ಲೋ, ಇಳಿಯೋ! ಕಥೆ ಮುಗಿದಿಲ್ಲ. ಕಾಲಂ ಖಾಲಿ ಇದೆ!”

“ಮಗು ಹಸಿದಿದೆ,” ಅಂದ. ಹೋಗೇಬಿಟ್ಟ. ಇದ್ಯಾವ ಸೀಮೆ ಪಾತ್ರ ರೀ!

ಈಗ ತಡೆಗೋಲಿನ ಹತ್ತಿರ ನಾನೊಬ್ಬನೇ. ಎರಡನೇ ಗಾಡಿ ಮುಂದೆ ಬಂದಿದೆ. “ಬೇಗ ಬರಿಯಪ್ಪ, ನನ್ನದೂ ಮೊಮ್ಮಗೂನೇ,” ಅನ್ನುತ್ತಿದ್ದಾಳೆ ಮುದುಕಿ. ಅವಳ ಹಿಂದೆ ಇನ್ನೂ ಹನ್ನೊಂದು ಗಾಡಿ. ನನ್ನ ಬೆನ್ನ ಹಿಂದೆ, ನಾಲ್ಕು ದಿನದಿಂದ ಏನನ್ನೂ ಮಾರದೆ ಕೂತ ಇಡೀ ಊರು, ನಾನು ಏನು ಬರೆಯುತ್ತೇನೆ ಅಂತ ಕತ್ತು ಚಾಚಿ ನೋಡುತ್ತಿದೆ.