ಗುಮಾಸ್ತನ ತಪ್ಪು

ಡಾಕ್ಟರ್ ಜಗನ್ನಾಥ ರಿಟೈರ್ ಆದ ಮೇಲೆ ತಮ್ಮ ಮನೆಯಲ್ಲಿ ಇಬ್ಬರಲ್ಲ, ನಲವತ್ತು ಜನ ಇದ್ದಾರೆ ಎಂದು ಅವನ ಹೆಂಡತಿ ಪ್ರಭಾ ಸ್ನೇಹಿತೆಯರ ಹತ್ತಿರ ದೂರುತ್ತಿದ್ದಳು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ, ಅವರು ಈಗ ಇದ್ದ ಲಂಡನ್ನಿನ ಅಂಚಿನ ಪಿನ್ನರ್ ಸೀಮೆಯಲ್ಲೆಲ್ಲ ಮೆರೆದಿದ್ದ ಲಾರ್ಡ್ ಹಾಲ್‌ಬರಿಯ ಮನೆತನದ ಬಗ್ಗೆ ಅಲ್ಲಿನ ಇತಿಹಾಸ ಸಂಘದವರು ಲೈಬ್ರರಿಯಲ್ಲಿ ಪ್ರದರ್ಶನ ಏರ್ಪಡಿಸಲು ಹೊರಟಿದ್ದರು. ವಂಶವೃಕ್ಷ ಬರೆಯುವ ಕೆಲಸ ಜಗನ್ನಾಥನ ಪಾಲಿಗೆ ಬಂದಿತ್ತು. ಅಂದಿನಿಂದ ಊಟದ ಮೇಜಿನ ಮೇಲೆ ಸಾರಿನ ಪಾತ್ರೆಗೆ ಜಾಗವಿಲ್ಲ, ಹಾಲ್‌ಬರಿಗಳೇ ಹರಡಿಕೊಂಡು ಕೂತಿದ್ದರು. ಯಾವ ಡ್ಯೂಕನ ಪಕ್ಕ ಯಾವ ಬಿಷಪ್ಪನ ಹೆಂಡತಿ ಊಟಕ್ಕೆ ಕೂತಿದ್ದಳು, ಲೇಡಿ ಹಾಲ್‌ಬರಿಯ ಗುರುವಾರದ ಚಹಾಕ್ಕೆ ಎಷ್ಟು ಸಾರೋಟು ಬಂದವು, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿತ್ತು.

“ನಮ್ಮ ಮದುವೆಗೆ ಯಾರ್ಯಾರು ಬಂದಿದ್ರು ಅಂತ ಕೇಳಿದ್ರೆ ತಲೆ ಕೆರ್ಕೋತೀರಿ. ಇವರ ನೆಂಟರಿಷ್ಟರು ಮಾತ್ರ ಬಾಯಿಪಾಠ!” ಎಂದು ಪ್ರಭಾ ಚುಡಾಯಿಸುತ್ತಿದ್ದಳು.

ತಮಾಷೆಯ ಅಡಿಯಲ್ಲಿ ಒಂದು ಹಳೆಯ ಸಿಟ್ಟಿತ್ತು. ಮನೆಯ ಹಜಾರದ ಗೋಡೆಯಲ್ಲಿ ಇನ್ನೊಂದು ವಂಶವೃಕ್ಷ ತೂಗುತ್ತಿತ್ತು. ಮೈಸೂರಿನ ಅವರ ಮನೆತನದ ಏಳು ತಲೆಮಾರು. ಕೊನೆಯಲ್ಲಿ ಜಗನ್ನಾಥ, ಪ್ರಭಾ, ಅವರ ಕೆಳಗೆ ಒಂದೇ ಗೆರೆ: ಧೃತಿ, 1974. ಅಲ್ಲಿ ಇನ್ನೊಂದು ಗೆರೆ ಇರಬೇಕಿತ್ತು. 1971ರಲ್ಲಿ ಜಗನ್ನಾಥ ಲಂಡನ್ನಿನಲ್ಲಿ ಪರೀಕ್ಷೆಗೆ ಓದುತ್ತಿದ್ದಾಗ ಪ್ರಭಾ ಮೈಸೂರಿನ ತವರಿನಲ್ಲಿ ಮೊದಲ ಹೆಣ್ಣುಮಗು ಹೆತ್ತಳು. ಹನ್ನೊಂದನೆಯ ದಿನ ನಾಮಕರಣ ಎಂದು ಪುರೋಹಿತರಿಗೂ ಹೇಳಿಯಾಗಿತ್ತು. ಮಗು ಒಂಬತ್ತನೆಯ ದಿನ ಹೋಯಿತು. ಹೆಸರಿಡದ ಕೂಸನ್ನು ಯಾವ ವಂಶವೃಕ್ಷದಲ್ಲಿ ಯಾರು ಬರೆಯುತ್ತಾರೆ? ಆರು ತಿಂಗಳ ಮೇಲೆ ಪ್ರಭಾ ಹೀಥ್ರೂನಲ್ಲಿ ಇಳಿದಾಗ ಗಂಡ ಸೂಟ್‌ಕೇಸ್ ತೆಗೆದುಕೊಂಡು, “ಊಟ ಆಯ್ತಾ?” ಎಂದ. ಅಷ್ಟೇ. ಆ ಮಗುವಿನ ಬಗ್ಗೆ ಅವನು ಒಂದೇ ಒಂದು ಮಾತು ಕೇಳಲಿ ಎಂದು ಅವಳು ಇಪ್ಪತ್ತೆಂಟು ವರ್ಷ ಕಾದಿದ್ದಳು.

1999ರ ಮಾರ್ಚಿನ ಒಂದು ಶನಿವಾರ ಮಧ್ಯಾಹ್ನ ಜಗನ್ನಾಥ ಹಾಲ್‌ಬರಿಗಳ ದೊಡ್ಡ ಹಾಳೆಯನ್ನು ಅವಳ ಮುಂದೆ ಬಿಚ್ಚಿದ. ಸೋಮವಾರ ಅದು ಪ್ರಿಂಟರ್ ಹತ್ತಿರ ಹೋಗಬೇಕಿತ್ತು. ಪ್ರಭಾ ಇಪ್ಪತ್ತು ವರ್ಷ ಆಸ್ಪತ್ರೆಯ ರೆಕಾರ್ಡ್ಸ್ ವಿಭಾಗದಲ್ಲಿ ದುಡಿದವಳು, ಅವಳ ಕಣ್ಣು ತಪ್ಪಿಸಿ ಒಂದು ತಾರೀಖೂ ಹೋಗುತ್ತಿರಲಿಲ್ಲ. ಚರ್ಚಿನ ದಾಖಲೆಗಳ ಜೆರಾಕ್ಸ್ ಪಕ್ಕಕ್ಕಿಟ್ಟುಕೊಂಡು ಅವಳು ಹೆಸರಿನಿಂದ ಹೆಸರಿಗೆ ಬೆರಳಿಡುತ್ತ ಹೋದಳು. ಬೆರಳು ಎಡಿತ್ ಎಂಬ ಮಗಳ ಮೇಲೆ ನಿಂತಿತು.

“ರೀ, ಈ ಎಡಿತ್ 1861ರಲ್ಲಿ ಹುಟ್ಟಿ 85ರಲ್ಲಿ ಮದುವೆ ಆದಳು ಅಂತ ಬರೆದಿದ್ದೀರಿ. ಇಲ್ಲಿ ನೋಡಿದ್ರೆ 63ರಲ್ಲೇ ಮಣ್ಣು ಮಾಡಿದಾರೆ.”

“ಅದು ಗುಮಾಸ್ತನ ತಪ್ಪು ಕಣೇ. ಸತ್ತೋಳು ಮದುವೆ ಆಗ್ತಾಳಾ?”

“ಮತ್ತೆ ನೀವೇ ಹೇಳಿದ ಹಾಗೆ ಆ ವರ್ಷವೆಲ್ಲ ಲೇಡಿ ಹಾಲ್‌ಬರಿ ಯಾರ ಮನೆಗೂ ಹೋಗಿಲ್ಲ, ಯಾರನ್ನೂ ಕರೆದಿಲ್ಲ. ಅದ್ಯಾಕೆ?”

“ನಾದಿನಿ ಜೊತೆ ಜಗಳ ಇರಬೇಕು. ಹಾಗಂತ ಬರೆದೂ ಆಯ್ತು.”

ಮೈಸೂರಿನ ಬುದ್ಧಿ ಎಲ್ಲಿ ಹೋಗುತ್ತದೆ ಎಂದು ಬೇರೆ ದಿನವಾಗಿದ್ದರೆ ಪ್ರಭಾ ನಗುತ್ತಿದ್ದಳು. ಈಗ ನಗು ಬರಲಿಲ್ಲ.

“ಎಡಿತ್ ಇಬ್ಬರು ಇದ್ರು,” ಎಂದಳು. “ಮೊದಲನೆಯವಳು ಹೋದಳು. ಆಮೇಲೆ ಹುಟ್ಟಿದವಳಿಗೆ ಅದೇ ಹೆಸರಿಟ್ಟರು.”

“ಹುಚ್ಚು! ನಮ್ಮಲ್ಲಾಗಿದ್ರೆ ಎರಡನೇದಕ್ಕೆ ತಿಪ್ಪಮ್ಮ ಅಂತ ಇಡ್ತಿದ್ರು, ಯಮ ಕೂಡ ಬೇಡ ಅಂತ ಬಿಟ್ಟು ಹೋಗ್ಲಿ ಅಂತ. ಹೋದ ಮಗುವಿನ ಹೆಸರನ್ನೇ ಯಾವ ತಾಯಿ ಇಡ್ತಾಳೆ?”

“ಇಡ್ತಾಳೆ. 64ನೇ ಇಸವಿ ಪುಟ ತೆಗೀರಿ.”

ಮೊದಲ ಎಡಿತ್ ಸಿಕ್ಕ ಕೂಡಲೇ ಹುಡುಕುವುದನ್ನು ಬಿಟ್ಟಿದ್ದ ಜಗನ್ನಾಥ ಗೊಣಗುತ್ತ ಪುಟ ತಿರುವಿದ. ಅಲ್ಲಿದ್ದಳು ಇನ್ನೊಬ್ಬ ಎಡಿತ್. ಅದೇ ತಂದೆ, ಅದೇ ತಾಯಿ. ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“ನಿನಗೆ ಹೇಗೆ ಗೊತ್ತಾಯ್ತು?”

“ನಾನೂ ಹಾಗೇ ಮಾಡಿದ್ದೀನಿ.”

ಅವಳು ಜೆರಾಕ್ಸ್ ಹಾಳೆಗಳನ್ನು ಪಕ್ಕಕ್ಕೆ ಸರಿಸಿದಳು. “ನಾಮಕರಣ ಆಗ್ಲಿಲ್ಲ ಅಂತ ನಿಮಗೆಲ್ಲ ಅದು ಬರೀ ಮಗು. ಬಾಣಂತಿ ಕೋಣೆಯಲ್ಲಿ ಒಂಬತ್ತು ದಿನ ನಾನು ಅವಳ ಕಿವಿಯಲ್ಲಿ ಧೃತಿ, ಧೃತಿ ಅಂತಿದ್ದೆ. ಹೆಸರು ಮೊದಲೇ ಕರೀಬಾರದು ಅಂತ ಅಮ್ಮನಿಗೂ ಹೇಳಿರಲಿಲ್ಲ.”

ಜಗನ್ನಾಥನಿಗೆ ನೆನಪಾಯಿತು. ಎರಡನೆಯ ಮಗಳಿಗೆ ಅಂಬುಜಾ ಎಂದು ಇಡಿ ಎಂದು ಅವನ ತಾಯಿ ಮೂರು ಪತ್ರ ಬರೆದಿದ್ದರು. ಅತ್ತೆಗೆ ಎದುರಾಡಿ ಗೊತ್ತಿಲ್ಲದ ಪ್ರಭಾ ಆ ಒಂದು ವಿಷಯಕ್ಕೆ ಮಾತ್ರ ಜಪ್ಪಯ್ಯ ಅಂದರೂ ಬಗ್ಗಿರಲಿಲ್ಲ. ಯಾಕೆ ಈ ಹಟ ಎಂದು ಅವನು ಆಗಲೂ ಕೇಳಿರಲಿಲ್ಲ.

ಅವನು ತಲೆ ತಗ್ಗಿಸಿಕೊಂಡೇ ಹಾಲ್‌ಬರಿಗಳ ಹಾಳೆಯನ್ನು ಸುತ್ತಿ ಪಕ್ಕಕ್ಕಿಟ್ಟ. ಟೆಲಿಗ್ರಾಂ ಬಂದ ದಿನ ಹಾಸ್ಟೆಲಿನ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೆ ಎಂದ. ಕೇಳಿದರೆ ನೀನು ಒಡೆದು ಹೋಗುತ್ತೀಯ ಎಂದು ಹೆದರಿದ್ದೆ ಎಂದ. ಆಮೇಲೆ ತಲೆ ಎತ್ತಿ ಕೇಳಿದ:

“ಹೇಗಿದ್ಲು?”

ಪ್ರಭಾಳಿಗೆ ಅಳು ಉಕ್ಕಿ ಬಂತು. “ನಿಮ್ಮ ಹಾಗೇ. ಕಿವಿ ಇಷ್ಟಿಷ್ಟು ದೊಡ್ಡದು,” ಎಂದು ಬೆರಳಲ್ಲಿ ತೋರಿಸಿದಳು. ಮತ್ತೆ ಸಂಜೆಯವರೆಗೂ ಹೇಳುತ್ತಲೇ ಇದ್ದಳು. ಒಂಬತ್ತು ದಿನದ ಬಾಳಿನಲ್ಲಿ ಹೇಳುವುದು ಅಷ್ಟೊಂದು ಇತ್ತು.

ಮರುದಿನ ಭಾನುವಾರ ಮಗಳು ಊಟಕ್ಕೆ ಬಂದಳು. ಹಜಾರದಲ್ಲಿ ಕೋಟು ತೂಗುಹಾಕುತ್ತ ಗೋಡೆಯ ಕಡೆ ನೋಡಿದವಳು ಅಲ್ಲೇ ನಿಂತಳು. ಅಡುಗೆಮನೆಯ ಬಾಗಿಲಲ್ಲಿ ಪ್ರಭಾ ಸೌಟು ಹಿಡಿದು ಬಂದು ನಿಂತಳು.

“ಅಪ್ಪಾ,” ಎಂದು ಧೃತಿ ಎಂದಿನಂತೆ ಇಂಗ್ಲಿಷಿನಲ್ಲಿ ಕೂಗಿದಳು, “ನನ್ನ ಹೆಸರನ್ನ ಎರಡು ಸಲ ಬರೆದಿದ್ದೀರಿ. ತಪ್ಪಾಗಿದೆ.”

ಜಗನ್ನಾಥ ಬಂದು ಮಗಳ ಪಕ್ಕ ನಿಂತ.

“ತಪ್ಪಲ್ಲ ಮಗಳೇ,” ಎಂದ. “ಮೊದಲನೆಯವಳು ನಿನ್ನಕ್ಕ.”